ಇಲಿಯ ಅರ್ಜಿ

ಶಾಸಕರ ಆಪ್ತ ಸಹಾಯಕನ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ಸುರಪುರದ ನಮ್ಮ ಮನೆಗೆ ಬಂದಿದ್ದರು. "ಸಾಬ್ರ, ಈ ಕೆಲಸ ಹ್ಯಾಂಗಿರ್ತದ, ಸ್ವಲ್ಪ ಹೇಳ್ರಿ" ಎಂದರು. ವಿಧಾನಸೌಧದ ಪಾಸು, ಅಧಿಕಾರಿಗಳ ಫೋನ್ ನಂಬರು, ಬೆಂಗಳೂರಿನಲ್ಲಿ ಉಳಿದುಕೊಳ್ಳುವ ಕೋಣೆ, ಇವನ್ನೆಲ್ಲ ಕೇಳಿದರು. ನಾನು ಹೇಳಿದೆ. ಚಹಾ ಕುಡಿದು ಹೋದರು. ಅವರು ಹೋದ ಮೇಲೆ, ಹೇಳಬೇಕಾದದ್ದನ್ನೇ ಹೇಳಲಿಲ್ಲ ಎನ್ನಿಸಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಮೆಹಬೂಬ. ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿದ್ದೆ. ಮನೆಯಲ್ಲಿ ನಾವಾಡುವುದು ದಖನಿ ಉರ್ದು. ಆದರೆ ನನ್ನ ಕನ್ನಡ ಅಕ್ಷರ ದುಂಡಗಿತ್ತು, ಒಕ್ಕಣೆಯೂ ಚೆನ್ನಾಗಿತ್ತು. ಅಷ್ಟಕ್ಕೇ ನನ್ನನ್ನು ಎರವಲು ಸೇವೆಯ ಮೇಲೆ ನಮ್ಮ ಭಾಗದ ಶಾಸಕರೊಬ್ಬರ ಕಚೇರಿಗೆ ಕಳಿಸಿದರು. ಅವರ ಪಕ್ಷ, ಕ್ಷೇತ್ರ ಇಲ್ಲಿ ಬೇಡ. ಜನ ಅವರನ್ನು ಗೌಡ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಶಹಾಪುರದಲ್ಲಿ ಅವರ ಮನೆಯ ಮುಂದಿನ ಎರಡು ಕೋಣೆಗಳೇ ಕಚೇರಿ.

ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದರೆ ಕಟ್ಟೆಯ ಮೇಲೆ ಜನ ಕುಳಿತಿರುತ್ತಿದ್ದರು. ಗೋಗಿಯಿಂದ ಮೊದಲ ಬಸ್ಸಿಗೆ ಬಂದವರು, ಕೊಡೇಕಲ್ ಕಡೆಯಿಂದ ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಉಳಿದವರು. ಎಲ್ಲರ ಕೈಯಲ್ಲೂ ಒಂದು ಕಾಗದ. ನನ್ನ ಕೆಲಸ ಆ ಕಾಗದ ತೆಗೆದುಕೊಂಡು, ಆವಕ ರಿಜಿಸ್ಟರಿನಲ್ಲಿ ನಂಬರು ಹಾಕಿ, ಯಾವ ಇಲಾಖೆಗೆ ಹೋಗಬೇಕೆಂದು ಅಂಚಿನಲ್ಲಿ ಬರೆಯುವುದು. ಸಂಜೆ ಅದಕ್ಕೊಂದು ಶಿಫಾರಸು ಪತ್ರ ಟೈಪು ಮಾಡಿ ಗೌಡ್ರ ಸಹಿ ಹಾಕಿಸುವುದು. ಭಾಷಣ ಬರೆಯುವುದು, ಸದನಕ್ಕೆ ಪ್ರಶ್ನೆ ಕಳಿಸುವುದು, ಅವೆಲ್ಲ ಆಮೇಲಿನವು. ಅಂಚಿನಲ್ಲಿ ಬರೆಯುವ ಆ ಒಂದು ಶಬ್ದವೇ ಈ ಕೆಲಸದ ಜೀವ. ಇದು ನನಗೆ ತಿಳಿದದ್ದು ತಡವಾಗಿ.

ಗೌಡ್ರು ಒಕ್ಕಲುತನದವರು. ನೀರಿನ ಬಗ್ಗೆ ಮಾತಾಡಲು ಕುಳಿತರೆ ಊಟ ಮರೆಯುತ್ತಿದ್ದರು. "ಮೆಹಬೂಬ, ಹೊಲಕ್ಕ ನೀರು ಹರಸು, ಉಳಿದದ್ದು ತಾನ ಬರ್ತದ. ಸಾಲಿ ಬರ್ತದ, ದವಾಖಾನಿ ಬರ್ತದ" ಎನ್ನುವುದು ಅವರ ಮಾತು. ದವಾಖಾನೆಯೆಂದರೆ ಅವರ ಲೆಕ್ಕದಲ್ಲಿ ಕಟ್ಟಡ. ಕಟ್ಟಡ ಮಂಜೂರು ಮಾಡಿಸುವುದು, ಅಡಿಗಲ್ಲು ಹಾಕುವುದು, ಸುಣ್ಣ ಬಳಿದ ಮೇಲೆ ರಿಬ್ಬನ್ ಕತ್ತರಿಸುವುದು. ಒಳಗೆ ಯಾರು ಕೂಡುತ್ತಾರೆ, ಕಪಾಟಿನಲ್ಲಿ ಏನಿದೆ ಎಂದು ಅವರೂ ನೋಡುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಆದರೆ ಅವರು ಹೇಡಿಯಲ್ಲ. ಒಮ್ಮೆ ದೋರನಹಳ್ಳಿಯಲ್ಲಿ ರೈತರ ಸಭೆ ನಡೆಯಿತು. ನಮ್ಮ ಕಡೆಯ ಕಾಲುವೆ ತೊಗರಿ, ಜೋಳ, ಹತ್ತಿಯಂಥ ಬೆಳೆಗಳ ಲೆಕ್ಕದಲ್ಲಿ ಕಟ್ಟಿದ್ದು. ನೀರು ಕಂಡ ಮೇಲೆ ಮೇಲಿನ ಊರುಗಳಲ್ಲೆಲ್ಲ ಭತ್ತ ಹಚ್ಚಿದರು. ಕೊನೆಯ ಊರುಗಳಲ್ಲಿ ಕಾಲುವೆ ಒಣಗಿಯೇ ಇರುತ್ತಿತ್ತು. "ಭತ್ತದ ಬಗ್ಗೆ ಎರಡು ಮಾತು ಮೆತ್ತಗ ಬರಿ" ಎಂದು ಗೌಡ್ರು ಹೇಳಿದ್ದರು, ನಾನು ಮೆತ್ತಗೇ ಬರೆದಿದ್ದೆ. ವೇದಿಕೆ ಹತ್ತಿದವರು ಕಾಗದ ಬಿಟ್ಟು, "ಮ್ಯಾಲಿನವರು ಭತ್ತ ಬಿಡ್ರಿ. ನಿಮ್ಮ ಗದ್ದಿಯಾಗ ನಿಂತದ್ದು ಕೆಳಗಿನವರ ನೀರು" ಎಂದುಬಿಟ್ಟರು. ಸಭೆ ಅರ್ಧಕ್ಕೆ ಎದ್ದುಹೋಯಿತು. ವಾಪಸು ಬರುವಾಗ ಕಾರಿನಲ್ಲಿ, "ನೀ ಬರದದ್ದ ಓದಿದ್ರ ಚಲೋ ಇತ್ತೇನೋ" ಎಂದರು. ಶಹಾಪುರ ಹತ್ತಿರವಾದಾಗ, "ಆದ್ರ ಖರೇನ ಹೇಳೀನಿ" ಎಂದರು.

ಆ ವರ್ಷವೇ ಯಂಕಮ್ಮ ಬಂದದ್ದು. ಆಕೆಯ ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನಲವತ್ತರ ಆಸುಪಾಸಿನ ಹೆಂಗಸು. ಸ್ವಂತ ಹೊಲ ಇರಲಿಲ್ಲ. ಹದಿನೈದು ಇಪ್ಪತ್ತು ಹೆಣ್ಣಾಳುಗಳನ್ನು ಕಟ್ಟಿಕೊಂಡು ಸಸಿ ನೆಡಲು, ಕಳೆ ಕೀಳಲು, ಹತ್ತಿ ಬಿಡಿಸಲು ಹೋಗುತ್ತಿದ್ದಳು. ಶಾಲೆಯ ಮಾಸ್ತರರಿಂದ ಬರೆಸಿದ ಅರ್ಜಿಯ ಕೆಳಗೆ ಅಷ್ಟೂ ಹೆಂಗಸರ ಹೆಸರು, ಹೆಬ್ಬೆಟ್ಟು ಇದ್ದವು. ನನ್ನ ಮೇಜಿನ ಮೇಲಿಟ್ಟು, "ಜರಾ ಓದ್ರಿ ಸಾಬ್ರ" ಎಂದಳು.

ಅಂದು ಜಾತ್ರೆಯಷ್ಟು ಜನ. ನಾನು ಮೊದಲ ಸಾಲು ಓದಿದೆ. 'ನಮ್ಮ ಊರಿಗೆ ಕಾಲುವೆಯ ನೀರು ಬಂದ ಮೇಲೆ ಭತ್ತದ ಬೆಳೆ ಹೆಚ್ಚಾಗಿದ್ದು, ಗದ್ದೆಗಳಲ್ಲಿ ಇಲಿಗಳ ಕಾಟ ವಿಪರೀತವಾಗಿರುತ್ತದೆ.' ಇಲಿ ಎಂದ ಮೇಲೆ ಮುಗಿಯಿತು. ಅಂಚಿನಲ್ಲಿ 'ಕೃಷಿ' ಎಂದು ಬರೆದೆ.

"ಆತವ್ವ, ಕಳಸ್ತೀವಿ" ಎಂದೆ.

"ಪೂರಾ ಓದಿದ್ರೇನ್ರಿ?"

"ಓದೀನಿ, ಹೋಗವ್ವ."

ಆ ಸುಳ್ಳನ್ನು ನಾನು ಸುಳ್ಳೆಂದು ತಿಳಿದು ಹೇಳಿದ್ದಲ್ಲ. ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಅದು.

ಪತ್ರ ಕೃಷಿ ಕಚೇರಿಗೆ ಹೋಯಿತು. 'ಇಲಿಗಳ ಹಾವಳಿ ಕುರಿತು' ಎಂದು ವಿಷಯ ಬರೆದವನು ನಾನೇ. ಅವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದರು. ಇಲಿ ಪಾಷಾಣ ಹೇಗೆ ಇಡಬೇಕು, ಬದುವಿನಲ್ಲಿ ಬಿಲ ಹೇಗೆ ಮುಚ್ಚಬೇಕು ಎಂಬ ಅಚ್ಚಾದ ಹಾಳೆಯೊಂದನ್ನು ಉತ್ತರದ ಜೊತೆ ಕಳಿಸಿದರು. ನಾನು ಅದನ್ನು ಕಡತಕ್ಕೆ ಸೇರಿಸಿ 'ಕ್ರಮ ಮುಗಿದಿದೆ' ಎಂದು ಬರೆದೆ.

ಎಂಟು ತಿಂಗಳ ಮೇಲೆ ಯಂಕಮ್ಮ ಮತ್ತೆ ಬಂದಳು. ಸಾಲಿನಲ್ಲಿ ಎಲ್ಲರ ಹಾಗೆಯೇ ಕುಳಿತಿದ್ದಳು. ತನ್ನ ಸರದಿ ಬಂದಾಗ ಎದ್ದು ಬಂದು ಹೇಳಿದಳು.

"ನನ್ನ ತಂಗಿ ಹೋದಳ್ರಿ. ಬಸಮ್ಮ ಅಂತ. ಮೊನ್ನಿ ಮಂಗಳವಾರ ಕಳಿ ತಗ್ಯಾಕತ್ತಿದ್ಲು, ಕಾಲಿಗಿ ಹಾವು ಕಡೀತು. ದವಾಖಾನಿಗಿ ಒಯ್ದಿವಿ. ಸೂಜಿ ಇಲ್ಲ, ಯಾದಗಿರಿಗಿ ಹೋಗ್ರಿ ಅಂದ್ರು. ಆಟೋದಾಗ ನನ್ನ ತೊಡಿ ಮ್ಯಾಲೇ ಹೋದಳು. ಅರ್ಜಿ ಕೊಟ್ಟಿದ್ದಿವಲ್ರಿ. ಅದು ಎಲ್ಲಿಗಿ ಹೋತು, ಅಷ್ಟು ನೋಡಿ ಹೇಳ್ರಿ."

ಆಕೆ ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಒಳಗೆ ಹೋಗಿ ಕಡತ ತೆಗೆದೆ. ಇಲಿಯ ಚಿತ್ರವಿದ್ದ ಆ ಅಚ್ಚಿನ ಹಾಳೆ ಮೇಲೆಯೇ ಇತ್ತು. ಅದರ ಕೆಳಗೆ ಅರ್ಜಿ. ಆಗ ಮೊದಲ ಬಾರಿ ಎರಡನೆಯ ಸಾಲು ಓದಿದೆ. 'ಇಲಿಗಳ ಹಿಂದೆ ಹಾವುಗಳು ಬರುತ್ತವೆ. ನಾವು ಕೂಲಿ ಹೆಣ್ಣುಮಕ್ಕಳು ಬರಿಗಾಲಲ್ಲಿ ಗದ್ದೆಗೆ ಇಳಿಯುತ್ತೇವೆ. ಈಗಾಗಲೇ ಇಬ್ಬರಿಗೆ ಕಚ್ಚಿ, ದೂರದ ಊರಿಗೆ ಹೋಗಿ ಹೇಗೋ ಉಳಿದಿದ್ದಾರೆ. ನಮ್ಮ ದವಾಖಾನೆಯಲ್ಲಿ ಹಾವಿನ ಸೂಜಿ ಇಡಿಸಬೇಕು.'

ಹೊರಹೋದ ಪತ್ರಗಳ ಜಾವಕ ರಿಜಿಸ್ಟರ್ ಎದುರಿಗೇ ಇತ್ತು. 'ಕೃಷಿ ಕಚೇರಿಗೆ' ಎಂಬುದರ ಮುಂದೆ ಎರಡು ಬೆರಳಿನಷ್ಟು ಜಾಗ ಖಾಲಿ. ಅಲ್ಲಿ 'ಪ್ರತಿ: ಆರೋಗ್ಯ ಇಲಾಖೆ' ಎಂದು ಬರೆದರೆ ಯಾರಿಗೂ ತಿಳಿಯುವುದಿಲ್ಲ. ಶಾಯಿಯೂ ಅದೇ ಬಣ್ಣದ್ದು. ನಾನು ಪೆನ್ನಿನ ಮುಚ್ಚಳ ತೆಗೆದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಹೊರಗಿನಿಂದ ಆಕೆ ಕೆಮ್ಮಿದ್ದು ಕೇಳಿಸಿತು. ಮುಚ್ಚಳ ಹಾಕಿ, ಕಡತ ಹಿಡಿದುಕೊಂಡು ಗೌಡ್ರ ಕೋಣೆಗೆ ಹೋದೆ.

ನಡೆದದ್ದನ್ನು ಹೇಳಿದೆ. ಬೈಯುತ್ತಾರೆ, ಇಂದೇ ಇಲಾಖೆಗೆ ವಾಪಸು ಕಳಿಸುತ್ತಾರೆ ಎಂದುಕೊಂಡಿದ್ದೆ. ಅವರು, "ಅರ್ಜಿ ಓದು. ಪೂರಾ ಓದು" ಎಂದರು. ಓದಿದೆ. ಕೊನೆಯಲ್ಲಿದ್ದ ಹೆಸರುಗಳನ್ನೂ ಓದಿಸಿದರು. ಬಸಮ್ಮನ ಹೆಸರು ಅದರಲ್ಲಿ ನಾಲ್ಕನೆಯದು.

"ಇದರ ಸಂಗಾಟ ಹೋದ ಪತ್ರಕ್ಕ ಸಹಿ ಯಾರದು?" ಎಂದು ಕೇಳಿದರು.

"ನಿಮ್ಮದೇ ರೀ."

"ಮತ್ತ? ನಾನೂ ಓದಿಲ್ಲಲ್ಲ."

ಎದ್ದು ಹೊರಗೆ ಬಂದು ಯಂಕಮ್ಮನ ಮುಂದೆ ನಿಂತರು. "ನಿಮ್ಮ ಅರ್ಜಿ ಹೋಗಬೇಕಾದಲ್ಲಿ ಹೋಗಿಲ್ಲವ್ವ. ತಪ್ಪು ನನ್ನ ಕಚೇರಿದು" ಎಂದರು. ನನ್ನ ಹೆಸರು ಹೇಳಲಿಲ್ಲ. ನಾನು ಬಾಗಿಲ ಹಿಂದೆ ಕಡತ ಹಿಡಿದು ನಿಂತಿದ್ದೆ. ಮುಂದೆ ಬಂದು ಹೇಳುವ ಧೈರ್ಯ ನನಗಾಗಲಿಲ್ಲ.

ಗೌಡ್ರು ಆಗಲೇ ಕಾರು ತೆಗೆಸಿದರು. ಯಂಕಮ್ಮನನ್ನು ಕೂಡಿಸಿಕೊಂಡು ಆಕೆಯ ಊರಿನ ದವಾಖಾನೆಗೆ ಹೋದೆವು. ಮಧ್ಯಾಹ್ನದ ಹೊತ್ತು. ಮೈಸೂರು ಕಡೆಯ ಎಳೆಯ ವೈದ್ಯರೊಬ್ಬರು ಇದ್ದರು. ಶಾಸಕರ ಕಾರು ಕಂಡು ಊರಿನ ಜನ ಸೇರಿದರು. ಗೌಡ್ರ ಸಿಟ್ಟೆಲ್ಲ ಆ ವೈದ್ಯರ ಮೇಲೆ ತಿರುಗಿತು.

"ಹೆಣ್ಣುಮಗಳು ಸಾಯಾಕತ್ತಾಳ, ನೀವು ಯಾದಗಿರಿಗಿ ಹೋಗ್ರಿ ಅಂತೀರೇನ್ರಿ?"

"ಸರ್, ಹಾವಿನ ವಿಷಕ್ಕೆ ಕೊಡೋ ಔಷಧಿ ಎರಡೇ ಬಾಟಲಿ ಇತ್ತು. ಹತ್ತಾದರೂ ಬೇಕು. ಅದೂ ಅಲ್ಲದೆ ಆ ಔಷಧಿ ಕೊಟ್ಟಾಗ ಕೆಲವರಿಗೆ ಮೈಗಾಗದೆ ಉಸಿರು ಕಟ್ಟುತ್ತೆ. ಪಕ್ಕದಲ್ಲಿ ಇನ್ನೊಬ್ಬರು ಬೇಕಾಗುತ್ತೆ. ನಾನೊಬ್ಬನೇ. ವಾರದಲ್ಲಿ ಮೂರು ದಿನ ಬೇರೆ ಎರಡು ಊರುಗಳನ್ನೂ ನಾನೇ ನೋಡಬೇಕು. ನಾನು ಇದುವರೆಗೆ ಒಬ್ಬರಿಗೂ ಆ ಇಂಜೆಕ್ಷನ್ ಕೊಟ್ಟಿಲ್ಲ ಸರ್. ಭಯ ಆಯ್ತು."

ಜನ ಕೂಗತೊಡಗಿದರು. ಗೌಡ್ರು ಇನ್ನೊಂದು ಮಾತು ಆಡಿದ್ದರೆ ಆ ವೈದ್ಯರ ಮೇಲೆ ಕೈ ಬೀಳುತ್ತಿತ್ತು. ಯಂಕಮ್ಮ ನಡುವೆ ಬಂದು ನಿಂತಳು.

"ಅವರಿಗಿ ಬೈಬ್ಯಾಡ್ರಿ. ಇದ್ದೊಬ್ರು ಇವರು. ಇವರೂ ಹೋದ್ರ ಜ್ವರದ ಗುಳಿಗಿನೂ ಸಿಗಂಗಿಲ್ಲ ನಮಗ." ಆಮೇಲೆ ಗೌಡ್ರ ಕಡೆ ತಿರುಗಿ, ಜಗಳದ ದನಿಯಲ್ಲಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. "ಗೌಡ್ರ, ನಿಮಗ ಹಾವು ಕಡದ್ರ ನೀವು ಎಲ್ಲಿಗಿ ಹೋಗ್ತೀರಿ?"

ಅಷ್ಟು ಜನರ ನಡುವೆ ಗೌಡ್ರು ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಹೈದರಾಬಾದಿಗಿ ಹೋಗ್ತೀನವ್ವ" ಎಂದರು.

"ಅಲ್ಲಿ ಮುಟ್ಟುತನಕ ಇರ್ತೀರೇನ್ರಿ?"

ಗೌಡ್ರು ಒಳಗೆ ಹೋಗಿ, ತಾವೇ ಹಿಂದೊಮ್ಮೆ ಉದ್ಘಾಟಿಸಿದ್ದ ಆ ಕಟ್ಟಡದ ಔಷಧಿ ಕಪಾಟು ತೆಗೆಸಿ ನೋಡಿದರು. ವೈದ್ಯರನ್ನು ಕೂಡಿಸಿಕೊಂಡು, ಏನೇನು ಬೇಕೆಂದು ಹೇಳಿಸಿ ನನ್ನಿಂದ ಬರೆಸಿದರು. ಆ ದಿನ ನಾನು ಒಂದು ಶಬ್ದವನ್ನೂ ಬಿಡದೆ ಬರೆದುಕೊಂಡೆ.

ಹೊಸಬರಿಗೆ ಇದೊಂದು ತಿಳಿದಿರಲಿ. ಸದನದಲ್ಲಿ ಪ್ರಶ್ನೆ ಕೇಳಬೇಕಾದರೆ ಅದು ಒಬ್ಬ ಮಂತ್ರಿಯ ಹೆಸರಿಗೇ ಹೋಗಬೇಕು. ಗದ್ದೆಯಲ್ಲಿ ದುಡಿಯುವವರಿಗೆ ಹಾವು ಕಚ್ಚುವುದು ಯಾರ ವಿಷಯ? ಆರೋಗ್ಯದವರಿಗೆ ಕಳಿಸಿದೆ. ಔಷಧಿ ದೊಡ್ಡ ಆಸ್ಪತ್ರೆಗಳಲ್ಲಿ ಸಾಕಷ್ಟಿದೆ ಎಂದು ಉತ್ತರ ಬಂತು. ಕೃಷಿಯವರಿಗೆ ಕಳಿಸಿದೆ. ಇದು ನಮಗೆ ಬರುವುದಿಲ್ಲ ಎಂದರು. ನಾನು ಯಂಕಮ್ಮನ ಅರ್ಜಿಗೆ ಮಾಡಿದ್ದನ್ನೇ ಇವರು ನನ್ನ ಪ್ರಶ್ನೆಗೆ ಮಾಡುತ್ತಿದ್ದರು. ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ.

ಕೊನೆಗೆ ಗೌಡ್ರು ಇಲಾಖೆಗಳ ಬಜೆಟ್ ಬೇಡಿಕೆಗಳ ಮೇಲಿನ ಚರ್ಚೆಯಲ್ಲಿ ಮಾತಿಗೆ ಹೆಸರು ಕೊಟ್ಟರು. ನಾನು ನಾಲ್ಕು ಪುಟ ಭಾಷಣ ಬರೆದೆ. ಊಟದ ನಂತರದ ಹೊತ್ತು, ಅರ್ಧ ಸದನ ಖಾಲಿ. ಗೌಡ್ರು ಕಾಗದ ಮಡಚಿ ಜೇಬಿಗಿಟ್ಟು ನಮ್ಮ ಮಾತಿನಲ್ಲೇ ಶುರು ಮಾಡಿದರು.

"ಸಭಾಧ್ಯಕ್ಷರ, ಮೂರು ಸಲ ಆರಿಸಿ ಬಂದು ಇಲ್ಲಿ ನಿಂತು ನೀರು ನೀರು ಅಂತ ಒದರೀನಿ. ನೀರು ಬಂತು. ಭತ್ತ ಬಂತು. ಇಲಿ ಬಂದ್ವು, ಇಲಿ ಹಿಂದ ಹಾವು ಬಂದ್ವು. ಸೂಜಿ ಬರಲಿಲ್ಲ. ನೀರು ತಂದವ ಅದರ ಹಿಂದ ಏನು ಬರ್ತದ ಅಂತ ನೋಡಬೇಕಿತ್ತು. ನಾ ನೋಡಲಿಲ್ಲ. ಒಕ್ಕಲುತನ ಬ್ಯಾರೆ, ದವಾಖಾನಿ ಬ್ಯಾರೆ ಅಂತ ತಿಳಕೊಂಡಿದ್ದೆ. ದುಡಿಯಾಕಿ ಒಬ್ಬಾಕಿನೇ ಅದಾಳ್ರಿ. ಗದ್ದಿಗಿ ಇಳಿಯೂ ಕಾಲೂ ಆಕಿದೇ, ಕಡಿಸಿಕೊಳ್ಳೂ ಕಾಲೂ ಆಕಿದೇ."

ಮರುದಿನದ ಪತ್ರಿಕೆಗಳಲ್ಲಿ ಅದು ಎಲ್ಲಿಯೂ ಬರಲಿಲ್ಲ. ಆದರೆ ಅಧಿಕಾರಿಗಳ ಗ್ಯಾಲರಿಯಲ್ಲಿ ಕುಳಿತಿದ್ದ ಆರೋಗ್ಯ ಇಲಾಖೆಯ ಒಬ್ಬರು ಹೊರಗೆ ನನ್ನನ್ನು ತಡೆದು ನಿಲ್ಲಿಸಿ, "ಆ ವೈದ್ಯರು ಹೇಳಿದ ಪಟ್ಟಿ ನಿಮ್ಮ ಹತ್ತಿರ ಇದೆಯಾ?" ಎಂದು ಕೇಳಿದರು. ಇತ್ತು. ಕೊಟ್ಟೆ.

ಅಲ್ಲಿಂದ ಮುಂದಿನದು ಬರೀ ನಡೆದಾಟ. ಬೆಂಗಳೂರು, ಯಾದಗಿರಿ, ಮತ್ತೆ ಬೆಂಗಳೂರು. ಸುಮಾರು ಒಂದು ವರ್ಷ ಹಿಡಿಯಿತು. ನಮ್ಮ ಕಡೆಯ ಕೆಲವು ಊರುಗಳ ದವಾಖಾನೆಗಳಿಗೆ ಔಷಧಿ ಬಂತು. ವೈದ್ಯರಿಗೂ ನರ್ಸುಗಳಿಗೂ ಅದನ್ನು ಕೊಡುವ ತರಬೇತಿ ಆಯಿತು. ಆ ಹೊತ್ತಿಗೆ ನಮ್ಮ ಕಚೇರಿಗೆ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿತ್ತು. ಜನ ಅರ್ಜಿಯ ಫೋಟೊ ತೆಗೆದು ಮೊಬೈಲಿಗೆ ಕಳಿಸುವ ಕಾಲವೂ ಬಂತು. ಅದರಲ್ಲೂ ಮೊದಲ ಸಾಲಷ್ಟೇ ಕಾಣುತ್ತದೆ. ಉಳಿದದ್ದಕ್ಕೆ ಬೆರಳಿನಿಂದ ಎಳೆಯಬೇಕು. ನಾನು ಪ್ರತಿ ತಿಂಗಳ ಮೊದಲ ದಿನ ಆ ದವಾಖಾನೆಗಳಿಗೆಲ್ಲ ಫೋನ್ ಮಾಡಿ ಎಷ್ಟು ಬಾಟಲಿ ಇದೆಯೆಂದು ಕೇಳುತ್ತಿದ್ದೆ. ಮೊದಮೊದಲು ಬೇಸರ ಪಟ್ಟುಕೊಂಡರು. ಆಮೇಲೆ ನಾನು ಕೇಳುವ ಮೊದಲೇ ಹೇಳುತ್ತಿದ್ದರು.

ಮುಂಗಾರಿನ ಒಂದು ದಿನ ಆ ಎಳೆಯ ವೈದ್ಯರೇ ಫೋನ್ ಮಾಡಿದರು. ಗದ್ದೆಗೆ ನೀರು ಕಟ್ಟಲು ಹೋದ ಮುದುಕನಿಗೆ ಬೆಳಿಗ್ಗೆ ಹಾವು ಕಚ್ಚಿತ್ತಂತೆ. "ಕೊಟ್ಟೆ ಸರ್. ಈಗ ಕಣ್ಣು ಬಿಟ್ಟಿದ್ದಾರೆ. ಹಸಿವು ಅಂತಿದ್ದಾರೆ." ಗೌಡ್ರಿಗೆ ಫೋನ್ ಕೊಟ್ಟೆ. ಅವರು ಕೇಳಿಸಿಕೊಂಡು, "ಚಲೋ ಆತ್ರಿ" ಎಂದಷ್ಟೇ ಹೇಳಿ ಒಳಗೆ ಹೋದರು. ಆ ದಿನ ಯಾರನ್ನೂ ಭೇಟಿಯಾಗಲಿಲ್ಲ.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಭತ್ತದ ಮಾತನ್ನು ಮೇಲಿನ ಊರಿನವರು ಮರೆತಿರಲಿಲ್ಲ. ಔಷಧಿಯ ವಿಷಯ ಯಾರ ನೆನಪಿಗೂ ಬರಲಿಲ್ಲ. ಬದುಕಿ ಉಳಿದವನಿಗೆ ತಾನು ಸಾಯಬೇಕಿತ್ತೆಂದು ಗೊತ್ತಿರುವುದಿಲ್ಲವಲ್ಲ. ನಾನು ಹಳೆಯ ಇಲಾಖೆಗೆ ಮರಳಿ, ಅಲ್ಲಿಯೇ ನಿವೃತ್ತನಾದೆ. ಗೌಡ್ರು ಈಗ ಇಲ್ಲ.

ನಿವೃತ್ತನಾದ ಮೇಲೆ ಮಾಡಿದ ಒಂದು ಕೆಲಸವನ್ನು ಬರೆದು ಮುಗಿಸುತ್ತೇನೆ. ಒಂದು ಬೆಳಿಗ್ಗೆ ಬಸ್ಸು ಹತ್ತಿ ಯಂಕಮ್ಮನ ಊರಿಗೆ ಹೋದೆ. ಆಕೆಗೆ ವಯಸ್ಸಾಗಿತ್ತು, ಗುರುತು ಹಿಡಿದಳು. ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟಳು. ಅರ್ಜಿಯ ಅಂಚಿನಲ್ಲಿ ಬರೆದವನು ನಾನು, ಗೌಡ್ರಲ್ಲ ಎಂದು ಹೇಳಿದೆ. ಪೂರಾ ಓದಿದ್ದೇನೆ ಎಂದು ನಿನಗೆ ಹೇಳಿದ್ದು ಸುಳ್ಳು ಎಂದೂ ಹೇಳಿದೆ. "ಮಾಫಿ ಮಾಡಬೇಕವ್ವ" ಎಂದೆ.

"ನನಗ ಅವತ್ತೇ ಗೊತ್ತಾಗಿತ್ರಿ" ಎಂದಳು ಯಂಕಮ್ಮ. "ಗೌಡ್ರು ಮಾತಾಡಾಕತ್ತಾಗ ನೀವು ಬಾಗಿಲ ಹಿಂದ ನಿಂತಿದ್ರಿ. ನಿಮ್ಮ ಮುಖ ನೋಡಿದ್ದೆ."

"ಮತ್ಯಾಕ ಏನೂ ಅನಲಿಲ್ಲ?"

"ಅಂದು ಏನು ಮಾಡ್ಲಿ? ಸೂಜಿ ಬರಬೇಕಿತ್ತು, ಬರಿಯೂ ಮನುಷ್ಯ ಬೇಕಾಗಿದ್ದ." ನೀರಿನ ತಂಬಿಗೆ ಎತ್ತಿಟ್ಟು ಹೇಳಿದಳು. "ಮಾಫಿ ಕೊಡಾಕ ನಾ ಯಾರ್ರಿ? ಸತ್ತಾಕಿ ನಾನಲ್ಲಲ್ಲ. ಆಕಿ ಮಗಳು ರೇಣುಕಾ ಅದಾಳ. ಹತ್ತಿ ಬಿಡಸಾಕ ಹೋಗ್ಯಾಳ. ಆಕಿಗಿ ಹೇಳ್ರಿ."

ಊರ ಹೊರಗೆ ರಸ್ತೆಯ ಪಕ್ಕದಲ್ಲೇ ಹೊಲ. ಇಪ್ಪತ್ತು ದಾಟಿದ ಹುಡುಗಿ, ಸೊಂಟಕ್ಕೆ ಹತ್ತಿಯ ಉಡಿ ಕಟ್ಟಿಕೊಂಡು ಬದುವಿಗೆ ಬಂದಳು. ತಾಯಿ ಸತ್ತಾಗ ಅವಳಿಗೆ ಐದು ವರ್ಷ. ಬಿಸಿಲಲ್ಲಿ ನಿಂತು ಮೊದಲಿನಿಂದ ಎಲ್ಲವನ್ನೂ ಹೇಳಿ ಮಾಫಿ ಕೇಳಿದೆ. ಅವಳು ಹತ್ತಿ ಕಾಯಿಯ ಸಿಪ್ಪೆ ಚುಚ್ಚಿ ಬಿರುಕು ಬಿಟ್ಟ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ನಾನು ಮುಗಿಸಿದ ಮೇಲೆ ಕೇಳಿದಳು.

"ನೀವು ಓದಿದ್ರ ಅವ್ವ ಉಳೀತಿದ್ದಳೇನ್ರಿ?"

"ಉಳೀತಿದ್ದಳೋ ಇಲ್ಲೋ ಹೇಳಾಕ ಆಗಂಗಿಲ್ಲವ್ವ. ಉಳಿಯೂ ದಾರಿ ಇತ್ತು."

ಅವಳು ಹೊಲದ ಕಡೆ ತಿರುಗಿದಳು. ಆಚೆಯಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು. "ಬಂದೆ" ಎಂದು ಕೂಗಿ ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಮನ್ಯಾಗ ಎಲ್ಲಾರೂ ದೇವರು ಕರಕೊಂಡ ಅಂತ ಹೇಳ್ತಿದ್ರು. ಸಣ್ಣಾಕಿ ಇದ್ದಾಗಿಂದ ನಾ ದೇವರ ಮ್ಯಾಲ ಸಿಟ್ಟು ಇಟಗೊಂಡು ಬಂದೀನ್ರಿ" ಎಂದಳು. "ದೇವರಲ್ಲ ಅಂತ ಯಾರೂ ಹೇಳಿರಲಿಲ್ಲ."

ಮಾಫಿ ಮಾಡಿದೆ ಎಂದು ಅವಳು ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಅವಳು ಉಡಿ ಸರಿಮಾಡಿಕೊಂಡು ಸಾಲಿಗೆ ಇಳಿದಳು.